ಎಲ್ಲರಿಗೂ ಕಾಣುವ ಫೋಟೋ

ಮಂಗಳವಾರ ಮಧ್ಯಾಹ್ನ ಮೂರೂ ಹತ್ತಕ್ಕೆ ಫೋಟೋ ಸ್ಟುಡಿಯೋ ಮಾಲೀಕ ಏದುಸಿರು ಬಿಡುತ್ತ ಠಾಣೆಗೆ ಬಂದ. ಊಟಕ್ಕೆ ಮನೆಗೆ ಹೋಗಿ ಬರುವಷ್ಟರಲ್ಲಿ, ಅಂಗಡಿಯಲ್ಲಿ ಚಾರ್ಜಿಗೆ ಹಾಕಿದ್ದ ಫೋನು, ಕಂಪ್ಯೂಟರಿನ ಹಾರ್ಡ್ ಡಿಸ್ಕು ಎರಡೂ ಮಾಯವಾಗಿದ್ದವು. ಇನ್‌ಸ್ಪೆಕ್ಟರ್ ದೂರು ಬರೆಸಿಕೊಂಡು, ಎಫ್‌ಐಆರ್ ದಾಖಲಿಸಿ, ಮಹಿಳಾ ಪೇದೆಯನ್ನು ಕರೆದುಕೊಂಡು ಸ್ಥಳಕ್ಕೆ ಹೊರಟರು.

ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ, ಚಿಲಕದ ಸ್ಕ್ರೂ ಕಳಚಿ ಬಾಗಿಲು ತೆಗೆದಿದ್ದರು. ದುಬಾರಿ ಕ್ಯಾಮೆರಾ ಇಟ್ಟಲ್ಲೇ ಇತ್ತು. ಕಂಪ್ಯೂಟರಿನ ಸ್ಕ್ರೂಗಳು ಒಂದು ಬಿಳಿ ಹಾಳೆಯ ಮೇಲೆ, ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ಕೂತಿದ್ದವು.

"ಕಳ್ಳನಿಗೆ ಇಷ್ಟು ಅಚ್ಚುಕಟ್ಟು ಯಾಕೆ ಸಾರ್?" ಎಂದಳು ಪೇದೆ.

ಇನ್‌ಸ್ಪೆಕ್ಟರ್ ಮಾಲೀಕನತ್ತ ತಿರುಗಿದರು. "ಯಾರ ಜೊತೆಗಾದ್ರೂ ಜಗಳ ಇತ್ತಾ?"

"ನಾನಾಯ್ತು, ನನ್ನ ಕೆಲಸ ಆಯ್ತು ಸಾರ್."

"ಫೋನಲ್ಲಿ ಏನಿತ್ತು?"

"ಎಲ್ಲರ ಫೋನಲ್ಲಿ ಇರೋದೇ. ಫೋಟೋ, ಸ್ಟೇಟಸ್ಸು."

ಪೇದೆ ತನ್ನ ಫೋನಿನಲ್ಲಿ ಅವನ ಪುಟ ತೆರೆದಳು. ಯಾರು ಬೇಕಾದರೂ ನೋಡಬಹುದಾದ ಪುಟ ಅದು. ತಿಂಗಳ ಹಿಂದೆ ನಡೆದ ರಸ್ತೆ ಅಪಘಾತದ ಫೋಟೋವನ್ನು ಭಾನುವಾರ ಹಾಡು ಸೇರಿಸಿ ಮತ್ತೆ ಹಾಕಿದ್ದ. ಲಾರಿಯ ಚಕ್ರದ ಪಕ್ಕ ಒಬ್ಬ ಹುಡುಗಿ ಬಿದ್ದಿದ್ದಳು. 'ಪಾಪ, ಯಾರ ಮನೆ ಮಗಳೋ. ನಿಧಾನವಾಗಿ ಓಡಿಸಿ.' ಅಲ್ಲೇ ಸತ್ತಳಾ ಎಂದು ಕೇಳಿದವರಿಗೆ ಮಾಲೀಕ ಮೊದಲ ಸಲವೂ ಈಗಲೂ ಕೊಟ್ಟ ಉತ್ತರ ಒಂದೇ: 'ಇಲ್ಲ, ಕೈ ಆಡಿಸ್ತಿದ್ಲು. ನೀರು ಕೇಳಿದ್ಲು.'

ಕೈ ಮುಗಿದ ಚಿಹ್ನೆ ಒತ್ತಿದವರು ಮುನ್ನೂರು ಚಿಲ್ಲರೆ ಮಂದಿ. ಆ ಪಟ್ಟಿಯಲ್ಲಿ ಇನ್‌ಸ್ಪೆಕ್ಟರಿಗೆ ಸಮವಸ್ತ್ರದಲ್ಲಿದ್ದ ತಮ್ಮದೇ ಮುಖ ಕಂಡಿತು. ಯಾವಾಗ ಒತ್ತಿದ್ದರೋ, ನೆನಪಿರಲಿಲ್ಲ. ಪೇದೆಯೂ ನೋಡಿದಳು.

ಕೆಳಗೆ, ಮುಖ ಕಾಣದ ಒಂದು ಖಾತೆಯಿಂದ ಮೂರು ಸಲ ಅದೇ ಮಾತು: 'ದಯವಿಟ್ಟು ತೆಗೀರಿ. ನಮ್ಮ ಹುಡುಗಿ.'

"ಯಾರಿವರು?"

ಮಾಲೀಕ ತಲೆ ಕೆರೆದುಕೊಂಡ. "ಹಿಂದಿನ ಬೀದಿ ವಾಚ್ ರಿಪೇರಿ ಯಜಮಾನ್ರು ಸಾರ್. ಅಂಗಡಿಗೂ ಬಂದಿದ್ರು. ನೋಡೋಣ ಅಂದೆ."

"ಯಾಕೆ ತೆಗೀಲಿಲ್ಲ?"

"ಊರೆಲ್ಲ ನೋಡಿಯಾಗಿತ್ತಲ್ಲ ಸಾರ್. ನಾನು ಒಳ್ಳೇದಕ್ಕೇ ಹಾಕಿದ್ದು."

ಪೇದೆಯ ಫೋನಿನಲ್ಲೇ ಅವನ ಖಾತೆ ತೆರೆಸಿ, ಅವನ ಕೈಯಿಂದಲೇ ಆ ಫೋಟೋ ತೆಗೆಸಿದರು. ಅಷ್ಟರಲ್ಲಿ ನೂರಾರು ಜನ ಅದನ್ನು ತಮ್ಮ ಫೋನಿಗೆ ಇಳಿಸಿಕೊಂಡು ಹಂಚಿಯಾಗಿತ್ತು.

ಐದು ಗಂಟೆಗೆ ವಾಚ್ ಅಂಗಡಿ ತಲುಪಿದರು. ಅಂಗಡಿಯ ಹಿಂದೆಯೇ ಮನೆ. ಯಜಮಾನರು ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬಗ್ಗಿ ಕೂತಿದ್ದರು. ಮುಂದೆ ಬಿಳಿ ಬಟ್ಟೆ. ಅದರ ಮೇಲೆ ಬಿಚ್ಚಿದ ಹಾರ್ಡ್ ಡಿಸ್ಕು, ಕದ್ದ ಫೋನಿನ ಗಾಜು, ಬ್ಯಾಟರಿ, ಎಳ್ಳಿನಷ್ಟು ಸಣ್ಣ ಸ್ಕ್ರೂಗಳು.

"ಬನ್ನಿ ಸಾರ್. ಸ್ವಲ್ಪ ಮೆಲ್ಲಗೆ ಮಾತಾಡಿ, ಒಳಗೆ ನಮ್ಮನೆಯವಳಿದಾಳೆ."

"ಇದು ಸ್ಟುಡಿಯೋದ ಫೋನಾ?"

"ಹೌದು. ಎಲ್ಲಾ ಬಿಚ್ಚಿದೀನಿ ಸಾರ್, ಒಂದು ತುಂಡೂ ಬಿಟ್ಟಿಲ್ಲ." ತಮ್ಮ ಹಳೆಯ ಫೋನನ್ನು ಮುಂದೆ ಚಾಚಿದರು. "ಆದ್ರೂ ಇದರಲ್ಲಿ ಅವಳು ಬರ್ತಾನೇ ಇದಾಳೆ. ಇನ್ನೆಲ್ಲಿ ಉಳ್ಕೊಂಡಿದಾಳೆ ಸಾರ್?"

ಇನ್‌ಸ್ಪೆಕ್ಟರಿಗೆ ಬಿಡಿಸಿ ಹೇಳುವ ಧೈರ್ಯವಾಗಲಿಲ್ಲ. "ಠಾಣೆಗೆ ಬರಬಹುದಿತ್ತಲ್ಲ ಯಜಮಾನ್ರೇ."

"ಬರೋಣ ಅಂತಾನೇ ಹೊರಟಿದ್ದೆ. ಕೈ ಮುಗಿದವರ ಪಟ್ಟೀಲಿ ನಿಮ್ಮ ಫೋಟೋನೂ ಇತ್ತು."

ಪೇದೆ ನೆಲ ನೋಡಿದಳು. ಯಜಮಾನರೇ ಮುಂದುವರಿಸಿದರು: "ಮಗು ನರಳಲಿಲ್ಲ, ಬಿದ್ದ ಕ್ಷಣವೇ ಹೋಯ್ತು ಅಂತ ಅವಳ ತಾಯಿಗೆ ಹೇಳಿದೀನಿ. ನೀರು ಕೇಳಿದ್ಲು ಅಂತ ಗೊತ್ತಾದ್ರೆ ಇವಳು ಉಳಿಯಲ್ಲ ಸಾರ್. ಅದೊಂದು ಕಣ್ಣಿಗೆ ಬೀಳದಿದ್ರೆ ಸಾಕಿತ್ತು."

ಬಂಧನದ ಪತ್ರಕ್ಕೆ ಮನೆಯವರ ಸಹಿ ಬೇಕು. ಇನ್‌ಸ್ಪೆಕ್ಟರ್ ತಾವೇ ಒಳಗೆ ಹೋದರು. ಆಕೆ ಮಂಚದ ಅಂಚಿನಲ್ಲಿ ಕೂತಿದ್ದರು. ಪತ್ರ ಪೂರ್ತಿ ಓದಿ ಸಹಿ ಹಾಕಿದರು.

"ನೀರು ಕೇಳಿದ್ದು ನಂಗೆ ಮೊದಲನೇ ದಿನವೇ ಗೊತ್ತಪ್ಪ," ಎಂದರು ಪಿಸುದನಿಯಲ್ಲಿ. "ಮಾತಾಡಿಸೋಕೆ ಬಂದವರೇ ಫೋನ್ ಹಿಡಿದು ತೋರಿಸಿದ್ರು. ಇವರು ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ರು, ನಾನು ನಂಬಿದ ಹಾಗೇ ಇದ್ದೆ. ದಯವಿಟ್ಟು ಅವರಿಗೆ ಹೇಳ್ಬೇಡಿ."

ಬಂಧನದ ಸಮಯ ಐದೂ ಐವತ್ತು. ಕೇಸ್ ಡೈರಿಯಲ್ಲಿ, ಕಳವಿನ ಉದ್ದೇಶದ ಎದುರು ಇನ್‌ಸ್ಪೆಕ್ಟರ್ 'ಪತ್ನಿಗೆ ನೋವಾಗದಿರಲೆಂದು' ಎಂದಷ್ಟೇ ಬರೆದರು.

ಜೀಪು ತಿರುವಿಗೆ ಬಂದಾಗ ಯಜಮಾನರು ಮೆಲ್ಲನೆ ಕೇಳಿದರು: "ನೀರಿನ ವಿಷಯ ಅವಳಿಗೆ ಹೇಳ್ಲಿಲ್ಲ ತಾನೇ?"

"ಇಲ್ಲ ಯಜಮಾನ್ರೇ. ಅವರಿಗೇನೂ ಗೊತ್ತಿಲ್ಲ."

"ಅಷ್ಟು ಸಾಕು ಸಾರ್," ಎಂದು ಅವರು ಕಣ್ಣು ಮುಚ್ಚಿ ಸೀಟಿಗೆ ಒರಗಿದರು.