ಎಡಗಡೆ ಓಡುವವನು

“ಎಡಕ್ಕ ಬಾ. ಮಾತಾಡ್ಲಿಕ್ಕಲ್ಲ, ಓಡ್ಲಿಕ್ಕ.”

ವರ್ಷವಿಡೀ ಮುಖ ತೋರಿಸದ ನಾಗಸೇನ ಬೀದರಿನ ಮೈದಾನದಲ್ಲಿ ದಿಢೀರನೆ ಎದುರಾದಾಗ ಉಜ್ವಲಾ ಅಂದದ್ದು ಇಷ್ಟೇ.

ಪೊಲೀಸ್ ನೇಮಕಾತಿಗೆಂದು ಭಾಲ್ಕಿಯಲ್ಲಿ ಜೊತೆಯಾಗಿ ಓಡಿದವರು ಅವರು. ಅವಳ ಎಡ ಮೊಣಕಾಲು ನೋಯತೊಡಗಿದಾಗ, ಕುಂಟುವುದು ಕೋಚ್ ಹಾವಗೆಪ್ಪನವರ ಕಣ್ಣಿಗೆ ಬೀಳದಂತೆ ಅವನು ಅವಳ ಎಡಗಡೆ ಓಡಿ ಆ ಕಾಲಿಗೆ ಮರೆಯಾಗುತ್ತಿದ್ದ. ಹಾಗೆ ಮಾಡು ಅಂದವಳೂ ಅವಳೇ. ಒಂದು ಬೆಳಿಗ್ಗೆ ಓಡುತ್ತಲೇ ಕುಸಿದಳು.

ಆಪರೇಷನ್ ಆಗಿ, ಔರಾದ ಕಡೆಯ ತನ್ನೂರು ಡಾಬಕಾದ ಮನೆಯಲ್ಲಿ ಹಾಸಿಗೆ ಹಿಡಿದಾಗ ಅವನು ಒಮ್ಮೆಯೂ ಬರಲಿಲ್ಲ. ಕುಂಟಿ ಯಾರಿಗೆ ಬೇಕು... ಎಂದುಕೊಂಡು ಅತ್ತಿದ್ದಳು.

ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಇದೇ ಕೊನೆಯ ನೇಮಕಾತಿ. ಹಾವಗೆಪ್ಪನವರು ಇವತ್ತು ನೇಮಕಾತಿಯ ಓಟಕ್ಕೆ ತಯಾರು ಮಾಡುವ ತಂಡ ಆರಿಸುತ್ತಾರೆ, ಕುಂಟುವವರನ್ನು ಸೇರಿಸುವುದಿಲ್ಲ. ಮೆಟ್ಟಿಲು ಇಳಿದರೂ ಮೊಣಕಾಲೊಳಗೆ ಚುಚ್ಚುತ್ತಿತ್ತು. ನೋವಿನ ಗುಳಿಗೆ ನುಂಗಿ ಬಂದಿದ್ದಳು.

“ಎಡಕ್ಕ ಬರಲ್ಲ, ಉಜ್ವಲಾ. ನಾ ಮರೆ ಮಾಡಿದ್ದಕ್ಕೇ ನಿನ್ನ ಕಾಲು ಹೋತು. ಯಾವ ಮುಖ ತಗೊಂಡು ಡಾಬಕಾಕ್ಕ ಬರ್ಲಿ? ಆಸ್ಪತ್ರಿ ಬಾಗಲ ತನಕ ಬಂದು ತಿರಗಿ ಹೋದಾಂವ ನಾ.”

ಅಂದರೆ... ಬೇಡವಾಗಿ ಬಿಟ್ಟದ್ದಲ್ಲ, ಹೆದರಿ ದೂರವಾದದ್ದು! ಅವಳ ಸಿಟ್ಟು ಇಮ್ಮಡಿಯಾಯಿತು. ಹೇಡಿ ಎಂದು ಬೈದು ಒಬ್ಬಳೇ ಓಟ ಶುರು ಮಾಡಿದಳು.

ಅವನು ಹಿಂದೆಯೇ ಬಂದ, ಆದರೆ ಬಲಕ್ಕೆ.

ಹಾವಗೆಪ್ಪನವರು ನಿಂತ ಜಾಗ ಹತ್ತಿರವಾಗುತ್ತಿದ್ದಂತೆ ಮೊಣಕಾಲು ಬೆಂಕಿಯಾಯಿತು. ಹಲ್ಲು ಕಚ್ಚಿದರೆ ದಾಟಬಹುದಿತ್ತು. ಪಕ್ಕಕ್ಕೆ ನೋಡಿದಳು. ಅವನು ಅಳುತ್ತಾ ಓಡುತ್ತಿದ್ದ, ಕಣ್ಣು ಕೂಡ ಒರೆಸಿಕೊಳ್ಳದೆ. ಇನ್ನೊಮ್ಮೆ ಪೆಟ್ಟಾದರೆ ನಡೆಯುವುದೂ ಕಷ್ಟ ಎಂದಿದ್ದ ಡಾಕ್ಟರ ಮಾತು ಆಗ ನೆನಪಾಯಿತು.

ಕೋಚ್ ಎದುರಿಗೇ ನಿಂತುಬಿಟ್ಟಳು.

“ಕಾಲು ನೋಯ್ತದರಿ, ಸರ್.”

ಅವರು ಬಾತ ಮೊಣಕಾಲನ್ನೇ ನೋಡಿ, ಮೆತ್ತಗೆ, ಮನೆಗೆ ಹೋಗು ಅಂದರು. ಖಾಕಿಯ ಆಸೆ ಅಲ್ಲಿಗೆ ಮುಗಿಯಿತು.

ಗೇಟಿನ ತನಕ ನಡೆಯಲೂ ಅವಳಿಗೆ ಆಗಲಿಲ್ಲ.

“ಎಲ್ಲಾ ಹೋತು, ನಾಗಸೇನ.”

“ನಾ ಇದ್ದೀನಲ್ಲ... ನೀ ಅಂದ್ರ ನಂಗ ಜೀವ. ಈ ಸಲ ಎಲ್ಲೂ ಹೋಗಲ್ಲ.”

ಅವಳು ಎಡಗೈ ಚಾಚಿದಳು.

“ಹಂಗಾದ್ರ ಎಡಕ್ಕ ಬಾ.”

ಅವನು ತಡವರಿಸಿದ.

“ಮರೆ ಮಾಡ್ಲಿಕ್ಕಲ್ಲೋ... ನನ್ನ ಹಿಡ್ಕೊಂಡು ನಡೀಲಿಕ್ಕ.”