ಹಸಿರು ಶಾಯಿಯ ಕೊಂಬೆ

ಫೈಲ್ ಬಿಚ್ಚಿದೆ. ಕೊಂಬೆಚಿತ್ರ ಇರಲಿಲ್ಲ!

ಆಗಲೇ ಬೆಳಿಗ್ಗೆ ಹನ್ನೊಂದು. ಎರಡು ಗಂಟೆಗೆ ವಿಚಾರಣೆ. ಐದು ದಿನದ ಹಿಂದೆ ನಮ್ಮ ವಾರ್ಡಿನಲ್ಲಿ ಹೊಟ್ಟೆಯೊಳಗೆ ರಕ್ತಸ್ರಾವವಾಗಿ ತೀರಿಕೊಂಡ ದರ್ಜಿಯ ಫೈಲ್ ಅದು. ಹೃದಯದ ತೊಂದರೆಗೆಂದು ಅವರಿಗೆ ರಕ್ತ ತೆಳುವಾಗಿಸುವ ಔಷಧಿ ಬರೆದವಳು ನಮ್ಮ ಕಿರಿಯ ಡಾಕ್ಟರು. ‘ಮನೆಯಲ್ಲಿ ಬೇರೇನು ತೆಗೆದುಕೊಳ್ಳುತ್ತಿದ್ದರು ಎಂದು ಒಂದು ಮಾತೂ ಕೇಳಲಿಲ್ಲ’ ಎಂದು ದರ್ಜಿಯ ಮಗ ದೂರು ಕೊಟ್ಟಿದ್ದ. ಕೇಳಿದ್ದಳು ಎನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ ಆ ಹಾಳೆ. ಅದು ಸಿಗದಿದ್ದರೆ ಆ ಹುಡುಗಿಯ ಡಾಕ್ಟರಿಕೆ ಇವತ್ತಿಗೇ ಮುಗಿದಂತೆ.

ಕೊಂಬೆಚಿತ್ರವನ್ನು ಹೊರಗಿನವರು ಮೈಂಡ್ ಮ್ಯಾಪ್ ಅನ್ನುತ್ತಾರೆ. ನಮ್ಮ ಹಿರಿಯ ಡಾಕ್ಟರು ಹಾಕಿಕೊಟ್ಟ ಪದ್ಧತಿ. ಹಾಳೆಯ ನಡುವೆ ರೋಗಿ, ಸುತ್ತ ಕೊಂಬೆಗಳು — ನೋವು, ಪರೀಕ್ಷೆ, ಅನುಮಾನ. ಒಂದು ಕೊಂಬೆ ಮಾತ್ರ ಮನೆಯವರದು — ರೋಗಿ ಮನೆಯಲ್ಲಿ ತೆಗೆದುಕೊಳ್ಳುವ ಮಾತ್ರೆ, ಹಳೆಯ ಕಾಯಿಲೆ. ಅದನ್ನು ಅವರೇ ರೋಗಿಯ ಮಂಚದ ಪಕ್ಕ ಕೂತು ಹಸಿರು ಪೆನ್ನಿನಲ್ಲಿ ಬರೆಯಬೇಕು. ‘ಇಲ್ಲ’ ಎಂದು ಬರೆದರೆ ನಾವು ತುದಿಗೆ ಅಡ್ಡಗೆರೆ ಎಳೆದು ಆ ಕೊಂಬೆಯನ್ನು ಮುಚ್ಚುತ್ತೇವೆ. ಮುಚ್ಚಿದ್ದನ್ನು ಮತ್ತೆ ಯಾರೂ ನೋಡುವುದಿಲ್ಲ.

ಓಡಿಹೋಗಿ ದಾಖಲೆ ಕೋಣೆಯ ಮುಖ್ಯಸ್ಥರನ್ನು ಕರೆತಂದೆ. ಕಳೆದ ಕಾಗದ ಹುಡುಕಿ ಹುಡುಕಿಯೇ ತಲೆ ನೆರೆತವರು. ನಾವು ಇಟ್ಟ ಹೆಸರು ಕಡತಪ್ಪ.

“ಫೈಲ್ ಯಾರ್ಯಾರ ಕೈಗೆ ಹೋಗಿತ್ತು, ಸಿಸ್ಟರ್?”

“ಹಿರಿಯ ಡಾಕ್ಟರು, ಕಿರಿಯ ಡಾಕ್ಟರು. ನಿನ್ನೆ ದರ್ಜಿಯ ಹೆಂಡತಿ, ಮಗ ಬಂದು ಇಲ್ಲೇ ಕೂತು ನೋಡಿದ್ರು. ಅಷ್ಟೇ. ನಾನಂತೂ ಮುಟ್ಟಿಲ್ಲ!”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋಬೇಡಿ. ಬನ್ನಿ.”

ಹಿರಿಯ ಡಾಕ್ಟರು ಸಿಡುಕಿದರು. “ಔಷಧಿ ಚೀಟಿಗೆ ಸಹಿ ಹಾಕಿದ್ದು ನಾನೇ. ಅದು ಫೈಲಲ್ಲೇ ಇದೆಯಲ್ಲ? ಕದಿಯೋದಾದ್ರೆ ಅದನ್ನ ಕದೀತಿದ್ದೆ.”

“ಹೌದು, ನಾನೂ ಅದನ್ನೇ ಯೋಚಿಸ್ತಿದ್ದೆ” ಎಂದರು ಕಡತಪ್ಪ.

ಕಿರಿಯ ಡಾಕ್ಟರ ಕಣ್ಣು ಅತ್ತು ಊದಿತ್ತು. ಒಂದು ನೋಟ್‌ಬುಕ್ ಮುಂದಿಟ್ಟಳು. ಕಾಲೇಜಿನ ದಿನದಿಂದಲೂ ಅವಳು ಓದುವುದು ಹಾಗೇ — ಆ ದಿನ ನೋಡಿದ ರೋಗಿಗಳ ಕೊಂಬೆಚಿತ್ರವನ್ನೆಲ್ಲ ಸಂಜೆ ನೆನಪಿನಿಂದ ಮತ್ತೆ ಬರೆಯುವುದು.

“ಹಾಳೆ ಇಲ್ಲ ಅಂತ ಗೊತ್ತಾದ ಕೂಡ್ಲೇ ವಿಚಾರಣೆಯವರಿಗೆ ಇದನ್ನ ತೋರಿಸಿದೆ ಸರ್. ನೀವೇ ಬರೆದ ಪುಸ್ತಕ ಸಾಕ್ಷಿ ಆಗಲ್ಲ ಅಂದ್ರು.”

ಕಡತಪ್ಪ ಹಸಿರು ಕೊಂಬೆಯ ಮೇಲೆ ಬೆರಳಿಟ್ಟು ಓದಿದರು. “ಮಾತ್ರೆ — ಏನೂ ಇಲ್ಲ. ಮಂಡಿನೋವು — ಹತ್ತು ವರ್ಷದಿಂದ ಇತ್ತು, ಈಗ ಇಲ್ಲ. ಇದು ಅವರೇ ಬರೆದಿದ್ದಾ?”

“ಅಕ್ಷರಕ್ಕೆ ಅಕ್ಷರ. ಅವರ ಹೆಂಡತಿ ಬರೆದಿದ್ದು.”

“ಓದಿ ನಿಮಗೇನನ್ನಿಸ್ತು?”

“ಸದ್ಯ, ಒಂದು ಕಷ್ಟ ಕಡಿಮೆ ಆಯ್ತಲ್ಲ ಅನ್ನಿಸ್ತು. ಅಡ್ಡಗೆರೆ ಎಳೆದೆ.”

ತಾಯಿ ಮಗ ಆಗಲೇ ವಿಚಾರಣೆಗೆ ಬಂದು ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಇಬ್ಬರನ್ನೂ ನನ್ನ ಕೋಣೆಗೆ ಕರೆದು, ಹಾಳೆ ಕಾಣೆಯಾದದ್ದನ್ನು ಹೇಳಿದೆವು. ಕಿರಿಯ ಡಾಕ್ಟರು ಬಾಗಿಲ ಬಳಿ ನಿಂತಳು.

“ಅಮ್ಮಾ, ಯಜಮಾನರು ಹೊಲಿಗೆ ಮಿಷನ್ ಕಾಲಲ್ಲೇ ತುಳೀತಿದ್ರಾ?” ಎಂದು ಕೇಳಿದರು ಕಡತಪ್ಪ.

“ಹೂಂ. ಕೊನೇವರೆಗೂ.”

“ಮಂಡಿನೋವು ಇಟ್ಕೊಂಡು?”

“ಒಂದು ತಿಂಗಳಿಂದ ನೋವಿರಲಿಲ್ಲ.”

“ಹೇಗೆ ಹೋಯ್ತು?”

ಆಕೆ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡರು. ಮಗ ರೇಗಿದ. “ಅಪ್ಪ ಹೋಗಿದ್ದು ಹೊಟ್ಟೇಲಿ ರಕ್ತ ಹೋಗಿ. ಮಂಡಿ ಮಾತು ಈಗ್ಯಾಕ್ರೀ?”

“ನಾವೆಲ್ಲ ತಪ್ಪಿದ್ದು ಅಲ್ಲೇ ಕಣಪ್ಪ” ಎಂದರು ಕಡತಪ್ಪ. ದನಿ ತಗ್ಗಿತ್ತು. “ಇರೋ ನೋವಿಗೆ ಕಾರಣ ಹುಡುಕಿದ್ವಿ. ಹೋದ ನೋವಿಗೆ ಹುಡುಕಲಿಲ್ಲ. ದಿನವಿಡೀ ಮಿಷನ್ ತುಳಿಯೋ ಕಾಲು, ಹತ್ತು ವರ್ಷದ ನೋವು. ಮಾತ್ರೆ ಇಲ್ಲದೆ ಒಂದೇ ತಿಂಗಳಲ್ಲಿ ಹೋಗುತ್ತಾ? ನೋವು ನಿಲ್ಲಿಸೋ ಮಾತ್ರೆ ಒಳಗೊಳಗೇ ಹೊಟ್ಟೆ ಹುಣ್ಣು ಮಾಡುತ್ತೆ. ಅದರ ಮೇಲೆ ರಕ್ತ ತೆಳುವಾದ್ರೆ...”

“ಹಾಳೆ ಕದ್ದಿದ್ದು ಯಾರು? ಅದು ಹೇಳಿ!”

“ಡಾಕ್ಟರಿಗೆ ಮುಳುವಾಗೋ ಕಾಗದ ಎಲ್ಲಾ ಫೈಲಲ್ಲಿದೆ. ಹೋಗಿದ್ದು ಅವರನ್ನ ಉಳಿಸೋದು ಮಾತ್ರ. ನೀನಲ್ಲಪ್ಪ — ಪ್ರತಿ ಕಾಗದದ ನಕಲು ಬೇಕು ಅಂತ ನಿನ್ನೆ ಅರ್ಜಿ ಕೊಟ್ಟವನು ನೀನು. ಆ ಹಾಳೆಗೆ ಹೆದರೋರು ಅದರಲ್ಲಿ ಬರೆದವರು ಒಬ್ಬರೇ. ಅಮ್ಮಾ, ತಗೊಂಡಿದ್ದು ನೀವು.”

ಆಕೆ ಕೈಚೀಲ ತೆರೆದು ಎಂಟು ಮಡಿಕೆ ಮಾಡಿದ್ದ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟರು.

“ಅವರು ಮಾತ್ರೆ ಅಂದ್ರೆ ಮುಖ ತಿರುಗಿಸ್ತಿದ್ರು. ಮೆಟ್ಟಿಲು ಹತ್ತುವಾಗ ಹಲ್ಲು ಕಚ್ಕೊಂಡು ಅಳ್ತಿದ್ರು. ನೋಡೋಕಾಗ್ಲಿಲ್ಲ. ಪಕ್ಕದ ಮನೆಯವರು ಕೊಟ್ಟ ಮಾತ್ರೆ ಪುಡಿ ಮಾಡಿ ಹಾಲಿಗೆ ಹಾಕ್ತಿದ್ದೆ. ಇಲ್ಲಿ ಬರೀರಿ ಅಂದಾಗ ಅವರು ಪಕ್ಕದಲ್ಲೇ ಮಲಗಿ ನೋಡ್ತಿದ್ರು. ಓದಿಬಿಡ್ತಾರೆ ಅಂತ ಏನೂ ಇಲ್ಲ ಅಂತ ಬರೆದೆ. ಆಮೇಲೆ ಹೇಳಿದ್ರಾಯ್ತು ಅನ್ಕೊಂಡೆ. ನಿನ್ನೆ ಫೈಲಲ್ಲಿ ಆ ಸುಳ್ಳು ಕಂಡ ಕೂಡ್ಲೇ, ಮಗ ಓದೋ ಮುಂಚೆ ಚೀಲಕ್ಕೆ ಹಾಕ್ಕೊಂಡೆ.”

ರೋಗಿಯ ಕಣ್ಣೆದುರೇ ಬರೆಸುವುದು ದೊಡ್ಡ ಪ್ರಾಮಾಣಿಕತೆ ಎಂದು ಬೀಗುತ್ತಿದ್ದವರು ನಾವು. ನನಗೆ ನಾಚಿಕೆಯಾಯಿತು, ಆಕೆಯ ಮುಖ ನೋಡಲಾಗಲಿಲ್ಲ. ಗೆದ್ದೆನೆಂದು ಕಿರಿಯ ಡಾಕ್ಟರೂ ನಗಲಿಲ್ಲ. “ನೋವು ಯಾಕೆ ಹೋಯ್ತು ಅಂತ ನಾನೂ ಕೇಳ್ಬೇಕಿತ್ತಮ್ಮ” ಎಂದಳು.

ಮಗ ತಾಯಿಯ ಕಡೆ ತಿರುಗಿ ಕೇಳಿದ, “ಅಪ್ಪನಿಗೆ ಗೊತ್ತಾಗಿತ್ತಾ?”

“ಇಲ್ಲ ಕಣಪ್ಪ. ನೋವು ತಾನಾಗೇ ಹೋಯ್ತು ಕಣೇ, ಇನ್ನೂ ಹತ್ತು ವರ್ಷ ಹೊಲೀತೀನಿ ಅಂತಿದ್ರು.”

ಎರಡು ಗಂಟೆಗೆ ವಿಚಾರಣೆಯ ಕೋಣೆಯಿಂದ ಕರೆ ಬಂತು. ಮಗ ತಾಯಿಯ ತೋಳು ಹಿಡಿದು ಎಬ್ಬಿಸಿದ. “ದೂರು ವಾಪಸ್ ತಗೋತೀನಿ. ನೀನೇನೂ ಹೇಳ್ಬೇಡಮ್ಮ.”

“ಬೇಡಪ್ಪ. ಹೇಳದೇ ಇದ್ದಿದ್ದಕ್ಕೇ ಇಷ್ಟಾಯ್ತು.”

ಆಕೆ ಹಾಳೆಯನ್ನು ಕೈಗೆ ತೆಗೆದುಕೊಂಡು, ಮಡಿಕೆಗಳನ್ನು ಬಿಡಿಸುತ್ತಾ ಒಳಗೆ ನಡೆದರು.