ಮತ್ತೆ ಬಿಗಿದ ನಟ್ಟುಗಳು

ಬಾನೆಟ್ ಎತ್ತಿದವಳ ಕೈ ಅಲ್ಲೇ ನಿಂತಿತು. ಸರಳು ಇರಲಿಲ್ಲ!

ಮುಂದಿನ ಎರಡು ಚಕ್ರಗಳ ಸಸ್ಪೆನ್ಷನ್ ಕೂರುವ ಜಾಗಗಳನ್ನು ಅಡ್ಡಲಾಗಿ ಬಿಗಿಹಿಡಿಯುವ ಉಕ್ಕಿನ ಸರಳು ಅದು. ತಿರುವುಗಳಲ್ಲಿ ಹಳೇ ಕಾರಿನ ಮೈ ತಿರುಚಿಕೊಳ್ಳದಿರಲೆಂದು ಅವಳೇ ಅಳತೆ ಕೊಟ್ಟು ಮಾಡಿಸಿ ಕೂರಿಸಿದ್ದಳು. ಗುಡ್ಡದ ರಸ್ತೆಯ ರೇಸು ಇವತ್ತೇ.

ಸುದ್ದಿ ಕೇಳಿ ಅತ್ತೆ ಬಂದರು — ಅಪ್ಪನ ತಂಗಿ, ಪೊಲೀಸ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಷೆಡ್ಡಿಗೆ ಬೀಗವಿರಲಿಲ್ಲ, ಯಾರು ಬೇಕಾದರೂ ನುಗ್ಗಬಹುದಿತ್ತು. ಯಾರ ಮೇಲೆ ಅನುಮಾನ ಎಂದು ಕೇಳಿದರು.

ಮೊದಲು ಅವಳು ಹೇಳಿದ್ದು ಎದುರಾಳಿ ಗಡ್ಡದವನನ್ನು. ನಿನ್ನೆ ಸಂಜೆ ಬಂದು ಸರಳನ್ನು ತಟ್ಟಿ, ಮುದುಕಿಗೆ ಊರುಗೋಲು ಕೊಟ್ಟಿದ್ದೀಯಾ ಎಂದು ನಕ್ಕು ಹೋಗಿದ್ದ. ಆಮೇಲೆ ಅಣ್ಣ — ಈ ಡಬ್ಬಾ ಗುಜರಿ ಸೇರುವವರೆಗೂ ಮನೆಗೆ ನೆಮ್ಮದಿಯಿಲ್ಲ ಎನ್ನುವವನು.

ಅಪ್ಪ ಬಾಗಿಲಲ್ಲಿ ನಿಂತಿದ್ದರು. ಡ್ರೈವಿಂಗ್ ಮಾತ್ರವಲ್ಲ, ಸ್ಪ್ಯಾನರು ಹಿಡಿಯುವುದನ್ನೂ ಅವಳಿಗೆ ಇದೇ ಕಾರಿನಲ್ಲಿ ಕಲಿಸಿದವರು. ಹೋಗಲಿ ಬಿಡು, ಈ ವರ್ಷ ಬೇಡ ಎಂದರು.

"ಸರಳಿಲ್ಲದಿದ್ರೂ ಹೋಗ್ತೀನಿ," ಎಂದಳು.

ಅತ್ತೆ ಬಾನೆಟ್ಟಿನೊಳಗೆ ಬಗ್ಗಿದರು. "ಸರಳು ಬಿಗಿದಿದ್ದ ನಟ್ಟುಗಳೇ ಸಸ್ಪೆನ್ಷನ್ನನ್ನೂ ಹಿಡಿಯೋದಲ್ವಾ?"

"ಹೌದು."

"ಈಗ ಅವು ಎಲ್ಲಿವೆ?"

ಅವಳು ಸ್ಪ್ಯಾನರು ಹಾಕಿ ನೋಡಿದಳು. ಎಲ್ಲವೂ ಅಲ್ಲೇ ಇದ್ದವು. ಒಂದೂ ಅಲುಗಲಿಲ್ಲ.

ಅತ್ತೆ ನೆಟ್ಟಗಾದರು. "ಕದಿಯೋಕೆ ಬಂದವನು ಸರಳು ಸಿಕ್ಕ ಕೂಡಲೇ ಕಾಲಿಗೆ ಬುದ್ಧಿ ಹೇಳ್ತಿದ್ದ. ಇವನು ನಿಂತು ಒಂದೊಂದು ನಟ್ಟನ್ನೂ ವಾಪಸ್ ಬಿಗಿದಿದ್ದಾನೆ. ಯಾಕೆ? ನೀನು ನೋಡದೆ ಹಾಗೇ ಓಡಿಸಿದ್ರೂ ಪ್ರಾಣಕ್ಕೆ ಸಂಚಕಾರ ಬರಬಾರದು ಅಂತ. ಗಡ್ಡದವನಿಗೆ ನಿನ್ನ ಮೇಲೆ ಅಷ್ಟು ಅಕ್ಕರೆಯಾ? ನಿಮ್ಮಣ್ಣನಿಗೆ ಅಕ್ಕರೆ ಇದ್ದೀತು — ಸ್ಪ್ಯಾನರು ಹಿಡಿಯೋಕೆ ಬರಲ್ಲ."

ಬಾಗಿಲ ಕಡೆ ತಿರುಗಿದರು. "ಎಲ್ಲಿಟ್ಟಿದ್ದೀಯಣ್ಣಾ?"

ಅಪ್ಪ ಮನೆಯೊಳಗೆ ಹೋದರು. ಮಂಚದ ಕೆಳಗಿಂದ ಸರಳು ತಂದರು.

"ಇದಿಲ್ಲದಿದ್ರೆ ಹೋಗಲ್ಲ ಅಂದ್ಕೊಂಡೆ. ಆ ತಿರುವುಗಳು ನನಗೆ ಗೊತ್ತು ಮಗಳೇ."

ಅವಳ ಕಣ್ಣು ತುಂಬಿತು. ಸರಳು ಇಸಕೊಂಡು, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ ತಾನೇ ಕೂರಿಸಿ ಬಿಗಿದಳು. ಬಾನೆಟ್ ಮುಚ್ಚಿ ಸ್ಟಿಯರಿಂಗ್ ಹಿಂದೆ ಕೂತಳು.

"ಭಯ ಆದ್ರೆ ಬಾಯಿಬಿಟ್ಟು ಹೇಳಬೇಕಿತ್ತಪ್ಪಾ. ಕದಿಯಬಾರದಿತ್ತು. ನಾನು ಹೋಗೇ ಹೋಗ್ತೀನಿ. ಗೇಟು ತೆಗೀರಿ."

ಅಪ್ಪ ತಂಗಿಯ ಮುಖ ನೋಡಿದರು. ಅಲ್ಲಿ ಆಸರೆ ಸಿಗಲಿಲ್ಲ. ನಿಧಾನವಾಗಿ ನಡೆದುಹೋಗಿ ಗೇಟನ್ನು ಹಾರುಹೊಡೆದರು.